ಪಂಡಿತೆ ರಮಾಬಾಯಿಯವರು

ಎಳೆಯ ಪ್ರಾಯದಲ್ಲಿ ತಂದೆತಾಯಿಗಳು ಬಿತ್ತಿದ ಬೀಜವು ಬಹು ವರುಷಗಳ ಮೇಲೆ ಹೇಗೆ ಫಲಕೊಡುತ್ತದೆಂಬದನ್ನು ನಾವು ಈ ಚರಿತ್ರೆಯಲ್ಲಿ ಕಾಣುತ್ತೇವೆ.

ರಮಾಬಾಯಿಯವರು 1858ರಲ್ಲಿ ನಮ್ಮ ಕನ್ನಡ ಸೀಮೆಯ ಘಟ್ಟದಲ್ಲಿರುವ ಗಂಗಾಮೂಲದ ಅರಣ್ಯದಲ್ಲಿ ಹುಟ್ಟಿದರು. ತಂದೆಯಾದ ಅನಂತಶಾಸ್ತ್ರಿ ಡೋಂಗ್ರೆಯವರು ವಿದ್ವಾಂಸರಾದ ಬ್ರಾಹ್ಮಣರು. ಸ್ತ್ರೀಯರು ಸಂಸ್ಕೃತ ಕಲಿಯಬಾರದೆಂದು ಜನರು ವಿರೋಧಿಸಿದಾಗ್ಯೂ ಅವರು ತಮ್ಮ ಪತ್ನಿಯಾದ ಲಕ್ಷ್ಮೀಬಾಯಿಯವರಿಗೆ ಅದನ್ನು ಕಲಿಸಿ, ಆ ನಿಮಿತ್ತ ಊರು ಬಿಟ್ಟು ಕಾಡಿನಲ್ಲಿ ವಾಸಮಾಡಿದರು. ತಂದೆಯವರು ವೃದ್ಧರಾದ ಮೇಲೆ ತಾಯಿಯೇ ನಸುಕಿನಲ್ಲಿ ಮಗಳನ್ನು ಎಬ್ಬಿಸಿ ಪಾಠ ಹೇಳಿಕೊಡುತ್ತಿದ್ದರು.

ಈ ಕುಟುಂಬವು ಪುರಾಣ ಹೇಳುತ್ತಾ ಕ್ಷೇತ್ರದಿಂದ ಕ್ಷೇತ್ರಕ್ಕೆ ಸಂಚರಿಸುತ್ತಿತ್ತು. 1870ರ ದಶಕದ ಬರಗಾಲದಲ್ಲಿ ಕೈಯಲ್ಲಿದ್ದದ್ದೆಲ್ಲಾ ತೀರಿತು. ಶಾಸ್ತ್ರವನ್ನಲ್ಲದೆ ಬೇರೆ ಕಸಬನ್ನು ಅವರು ಅರಿಯರು. ಕೂಲಿಗೆ ಹೋಗಲು ಕುಲಾಭಿಮಾನವು ಬಿಡಲಿಲ್ಲ. ತಂದೆ, ತಾಯಿ, ಅಕ್ಕ ಒಬ್ಬರ ಹಿಂದೆ ಒಬ್ಬರು ತೀರಿಹೋದರು. ಉಳಿದ ಅಣ್ಣತಂಗಿಯರು ಕಾಲ್ನಡೆಯಾಗಿ ದೇಶದೇಶ ಅಲೆದು 1878ರಲ್ಲಿ ಕಲ್ಕತ್ತೆಯನ್ನು ಸೇರಿದರು. ಅಲ್ಲಿಯ ವಿದ್ವಾಂಸರು ತಾಯಿಯ ಪಾಠದ ಫಲವನ್ನು ಕಂಡು ಬೆರಗಾಗಿ, ಆ ಯುವತಿಗೆ ಪಂಡಿತೆ, ಸರಸ್ವತಿ ಎಂಬ ಬಿರುದುಗಳನ್ನಿತ್ತರು.

1880ರಲ್ಲಿ ಅಣ್ಣನು ಮೃತನಾದನು. ಅದೇ ವರುಷ ರಮಾಬಾಯಿಯವರು ವರಿಸಿದ ಬಿಪಿನ್ ಬಿಹಾರಿ ಮೇಧಾವಿಯವರೂ 1882ರಲ್ಲಿ ತೀರಿಕೊಳ್ಳಲು, ಇಪ್ಪತ್ತಮೂರರ ಪ್ರಾಯದ ಆ ವಿಧವೆಯ ಮಡಿಲಲ್ಲಿ ಮನೋರಮೆಯೆಂಬ ಹಸುಗೂಸು ಉಳಿಯಿತು. ಮರುವರುಷ ಅವರು ವಿದ್ಯಾಭ್ಯಾಸಕ್ಕಾಗಿ ಇಂಗ್ಲೆಂಡಿಗೆ ಹೋದರು. ಅಲ್ಲಿ ಕ್ರೈಸ್ತ ಸಹೋದರಿಯರು ಕೆಟ್ಟುಹೋದ ಸ್ತ್ರೀಯರನ್ನು ಪ್ರೀತಿಯಿಂದ ಎತ್ತಿ ಸಂತೈಸುವದನ್ನು ನೋಡಿದರು. ಕರ್ತನು ಸಮಾರ್ಯದ ಸ್ತ್ರೀಯೊಡನೆ ಮಾತಾಡಿದ ವೃತ್ತಾಂತವನ್ನೂ ಓದಿದರು. ಅವರ ಹೃದಯವು ಕ್ರಿಸ್ತನ ಕಡೆಗೆ ತಿರುಗಿತು. 1883ರ ಸೆಪ್ಟೆಂಬರದಲ್ಲಿ ತಾಯಿಯೂ ಮಗಳೂ ದೀಕ್ಷಾಸ್ನಾನ ಹೊಂದಿದರು.

ಸ್ವದೇಶಕ್ಕೆ ಮರಳಿ 1889ರಲ್ಲಿ ಮುಂಬಯಿಯಲ್ಲಿ ವಿಧವೆಯರಿಗಾಗಿ ಶಾರದಾ ಸದನವನ್ನು ತೆರೆದರು. ತಾಯಿಯಿಂದ ಪಡೆದದ್ದನ್ನು ತಾಯಿಯಿಲ್ಲದವರಿಗೆ ಹಂಚಿದರು. 1896-97ರಲ್ಲಿ ಮತ್ತೆ ಬರಗಾಲ ಬಂದಾಗ ತಮ್ಮ ಎಳೆತನದ ಹಸಿವೆಯು ಅವರನ್ನು ಸುಮ್ಮನಿರಗೊಡಲಿಲ್ಲ. ಮಧ್ಯಪ್ರಾಂತಗಳಿಗೆ ತಾವೇ ಹೋಗಿ ನೂರಾರು ಮಂದಿ ಹೆಣ್ಣುಮಕ್ಕಳನ್ನು ಪುಣೆಯ ಬಳಿಯ ಕೇಡಗಾವಿಗೆ ಕರತಂದರು. ಅಲ್ಲಿಯ ಮುಕ್ತಿ ಸದನದಲ್ಲಿ 1900ರ ಹೊತ್ತಿಗೆ ಸುಮಾರು 1,500 ಮಂದಿಯಿದ್ದರು. ಅವರಿಗೆ ಅಕ್ಷರದೊಡನೆ ನೇಯ್ಗೆ, ಬೇಸಾಯ, ಅಚ್ಚಿನ ಕೆಲಸಗಳನ್ನೂ ಕಲಿಸಿದರು. ಯಾಕಂದರೆ ಕೈಕಸುಬಿಲ್ಲದ ಮನೆಯು ಬರಗಾಲದಲ್ಲಿ ಏನಾಯಿತೆಂಬದನ್ನು ಅವರು ಕಣ್ಣಾರೆ ಕಂಡಿದ್ದರು.

ಹಳ್ಳಿಯವರಿಗೂ ತಿಳಿಯುವ ಮರಾಠಿಯಲ್ಲಿ ಸತ್ಯವೇದವನ್ನು ಭಾಷಾಂತರಿಸಲು ಬಹು ವರುಷ ದುಡಿದರು. 1921ರಲ್ಲಿ ನೆರವಾಗಿದ್ದ ಮಗಳೂ ಗತಿಸಿದಳು. ಆ ದುಃಖದಲ್ಲಿಯೂ ಕೆಲಸವನ್ನು ಕೈಬಿಡದೆ, 1922ರ ಏಪ್ರಿಲ್ 5ರಂದು ಕರ್ತನಲ್ಲಿ ನಿದ್ರೆಹೋದರು.

ಸಹೋದರರೇ, ತಂದೆಯು ಧೈರ್ಯದಿಂದ ಕಲಿಸಿದ್ದು ಒಬ್ಬಳಿಗೆ; ಅದರಿಂದ ಬದುಕಿದವರು ಸಾವಿರಾರು ಮಂದಿ. ನಾವೂ ನಮ್ಮ ಹೆಣ್ಣುಮಕ್ಕಳನ್ನು ಪಾಠಶಾಲೆ ಬಿಡಿಸದೆ, ಕೈಕೆಲಸವನ್ನು ಹೀನವೆಂದೆಣಿಸದೆ, ತಬ್ಬಲಿಗೆ ನಮ್ಮ ಬಾಗಿಲನ್ನು ಮುಚ್ಚದೆ ಇರೋಣ. ನಾವು ಇಂದು ಬಿತ್ತುವದನ್ನು ಬೆಳೆಯಿಸುವಾತನು ದೇವರೇ.