ನಾಡನ್ನು ಅಳೆದ ಲ್ಯಾಂಬ್ಟನ್

ಶಿವಮೊಗ್ಗಕ್ಕಿಂತ ಸುಮಾರು ಅರ್ಧ ನಿಮಿಷ ಮೊದಲೇ ಭದ್ರಾವತಿಯಲ್ಲಿ ನಡುಹಗಲಾಗುತ್ತದೆ. ಎರಡೂ ಊರುಗಳ ರೇಖಾಂಶಗಳ ನಡುವೆ ಒಂದು ಡಿಗ್ರಿಯ ಏಳನೇ ಒಂದು ಭಾಗದಷ್ಟೇ ಅಂತರ. ನೆಲದಲ್ಲಿ ನಗಣ್ಯವೆನಿಸುವ ಇಷ್ಟೇ ತಪ್ಪು ಕಡಲಿನಲ್ಲಿ ಹಡಗನ್ನು ಬಂಡೆಗೆ ಬಡಿಸಬಲ್ಲದು. ನಾವಿಕನು ಅಕ್ಷಾಂಶವನ್ನು ಧ್ರುವತಾರೆಯ ಎತ್ತರದಿಂದಲೂ ರೇಖಾಂಶವನ್ನು ನಿಖರ ಗಡಿಯಾರದಿಂದಲೂ ಅರಿಯಬಹುದು. ಆದರೆ ನಕ್ಷೆಯಲ್ಲಿ ತೀರವೇ ತಪ್ಪಾಗಿದ್ದರೆ ಆ ಅರಿವು ವ್ಯರ್ಥ. ನಮ್ಮ ನಾಡಿನ ನಕ್ಷೆಯನ್ನು ತಿದ್ದಲು ಬದುಕನ್ನೇ ತೇದವರು ವಿಲಿಯಂ ಲ್ಯಾಂಬ್ಟನ್.

1799ರಲ್ಲಿ ಶ್ರೀರಂಗಪಟ್ಟಣದ ಯುದ್ಧಕ್ಕೆ ಬಂದಿದ್ದ ಈ ಸೇನಾಧಿಕಾರಿ, ಬಳಿಕ ಪರ್ಯಾಯದ್ವೀಪವನ್ನು ಕಡಲಿನಿಂದ ಕಡಲಿಗೆ ಅಳೆಯುವ ಯೋಜನೆ ಮುಂದಿಟ್ಟರು. ದಾರಿ ಬಲ್ಲ ಪಲ್ಲಕ್ಕಿ ಬೋಯಿಗಳಿರುವಾಗ ಈ ಅಳತೆಯೇಕೆಂದು ಮದರಾಸಿನ ಅಧಿಕಾರಿಯೊಬ್ಬರು ಆಕ್ಷೇಪಿಸಿದ್ದರಂತೆ. ಲ್ಯಾಂಬ್ಟನ್ ಜಗ್ಗಲಿಲ್ಲ. 1802ರಲ್ಲಿ ಮದರಾಸಿನ ಬಳಿ ಏಳೂವರೆ ಮೈಲಿಯ ಆಧಾರರೇಖೆಯನ್ನು ಸರಪಳಿಯಿಂದ ಅಳೆದು, ಬೆಟ್ಟದಿಂದ ಬೆಟ್ಟಕ್ಕೆ ತ್ರಿಕೋನಗಳನ್ನು ಹೆಣೆಯುತ್ತ ಮೈಸೂರು ಸೀಮೆಯನ್ನು ದಾಟಿ ಮಂಗಳೂರನ್ನು ಮುಟ್ಟಿದರು. ಹಳೆಯ ನಕ್ಷೆಗಳು 400 ಮೈಲಿ ಎಂದಿದ್ದ ಅಗಲ ವಾಸ್ತವದಲ್ಲಿ 360 ಮೈಲಿ ಮಾತ್ರ!

ಉತ್ತರಕ್ಕೆ ಅಳೆಯುತ್ತ ಸಾಗಿದ್ದ ಅವರು 1823ರಲ್ಲಿ, ಎಪ್ಪತ್ತರ ಆಸುಪಾಸಿನಲ್ಲಿ, ಹಿಂಗನಘಾಟದಲ್ಲಿ ನಿಧನರಾದರು. ಜಗತ್ತಿನ ಅತ್ಯುನ್ನತ ಶಿಖರಕ್ಕೆ ಅವರ ಉತ್ತರಾಧಿಕಾರಿ ಎವರೆಸ್ಟರ ಹೆಸರು ದೊರೆಯಿತು. ಆದರೆ ನಕ್ಷೆಯಲ್ಲಿ ನಮ್ಮೂರಿನ ಮೇಲೆ ಬೆರಳಿಡುವಾಗಲಾದರೂ ಲ್ಯಾಂಬ್ಟನ್ ನೆನಪಾಗಬೇಕು.