ಶರಣಾಗತ ರಕ್ಷಕಿ ಕೆಳದಿಯ ಚೆನ್ನಮ್ಮಾಜಿ

ದಾವಣಗೆರೆ ಜಿಲ್ಲೆಯಲ್ಲಿ, ಹೊನ್ನಾಳಿ ಮತ್ತು ನ್ಯಾಮತಿಗಳ ನೆರೆಯಲ್ಲಿ, ಚನ್ನಗಿರಿ ಎಂಬ ಪಟ್ಟಣವಿದೆ. ಊರಿಗೆ ಹೊಂದಿಕೊಂಡ ಗುಡ್ಡದ ಮೇಲೆ ಹಳೆಯ ಕೋಟೆಯೊಂದು ಇಂದಿಗೂ ನಿಂತಿದೆ. ಹಿಂದೆ ಹುಲಿಕೆರೆ ಎನಿಸಿಕೊಂಡಿದ್ದ ಈ ಸ್ಥಳಕ್ಕೆ ಚನ್ನಗಿರಿ ಎಂಬ ಹೆಸರು ಬಂದುದು ಒಬ್ಬ ರಾಣಿಯಿಂದ. ಆಕೆಯೇ ಕೆಳದಿಯ ಚೆನ್ನಮ್ಮಾಜಿ. ಸುತ್ತಲೂ ಶತ್ರುಗಳು ಮುತ್ತಿದ್ದ ಕಾಲದಲ್ಲಿ ಸುಮಾರು ಇಪ್ಪತ್ತೈದು ವರ್ಷ ರಾಜ್ಯವನ್ನಾಳಿ, ನಾಯಕತ್ವವೆಂದರೆ ಏನೆಂಬುದನ್ನು ಆಕೆ ನಡೆದು ತೋರಿಸಿದಳು.

ವಿಜಯನಗರದ ಸಾಮಂತರಾಗಿ ಏಳಿಗೆಗೆ ಬಂದ ಕೆಳದಿಯ ನಾಯಕರು ಮಲೆನಾಡು ಹಾಗೂ ಕರಾವಳಿಯ ವಿಸ್ತಾರವಾದ ಪ್ರದೇಶವನ್ನು ಆಳಿದರು. ಅವರಲ್ಲಿ ಪ್ರಖ್ಯಾತನಾದ ಶಿವಪ್ಪ ನಾಯಕನು ಭೂಮಿಯ ಗುಣವನ್ನು ಪರಿಶೀಲಿಸಿ ಕಂದಾಯವನ್ನು ಗೊತ್ತುಪಡಿಸಿದ ದೊರೆ. ಅವನ ವಂಶದ ಸೋಮಶೇಖರ ನಾಯಕನು ಕೋಟಿಪುರದ ಸಿದ್ದಪ್ಪಶೆಟ್ಟಿಯ ಮಗಳಾದ ಚೆನ್ನಮ್ಮನನ್ನು 1667ರಲ್ಲಿ ವಿವಾಹವಾದನು. ಅರಮನೆಯಲ್ಲಿ ಹುಟ್ಟದೆ ವರ್ತಕನ ಮನೆಯಲ್ಲಿ ಬೆಳೆದ ಈ ಕನ್ಯೆಯೇ ಮುಂದೆ ರಾಜ್ಯಕ್ಕೆ ಆಸರೆಯಾಗಬೇಕಾಗಿ ಬಂದಿತು.

ಮದುವೆಯಾದ ಕೆಲವೇ ವರ್ಷಗಳಲ್ಲಿ ಚೆನ್ನಮ್ಮಾಜಿಯ ಬಾಳಿಗೆ ಕತ್ತಲೆ ಕವಿಯಿತು. ಸೋಮಶೇಖರ ನಾಯಕನು ದುರ್ಜನರ ಸಹವಾಸಕ್ಕೆ ಸಿಕ್ಕಿ, ರೋಗಪೀಡಿತನಾಗಿ, ರಾಜಕಾರ್ಯವನ್ನು ಮರೆತನು. ಮಕ್ಕಳಿಲ್ಲದ ಅರಸನ ಸಿಂಹಾಸನದ ಮೇಲೆ ಹಲವರ ಕಣ್ಣು ಬಿದ್ದಿತು. 1671ರ ಸುಮಾರಿನಲ್ಲಿ ಆತನು ಒಳಸಂಚಿಗೆ ಬಲಿಯಾದನು. ಇದೇ ಸಮಯವೆಂದು ಬಿಜಾಪುರದ ಸೈನ್ಯ ರಾಜಧಾನಿ ಬಿದನೂರಿನತ್ತ ಸಾಗಿ ಬಂದಿತು. ರಾಣಿ ಧೃತಿಗೆಡಲಿಲ್ಲ. ನಂಬಿಕೆಯ ಸರದಾರರೊಡನೆ, ಬೊಕ್ಕಸವನ್ನು ಸಾಗಿಸಿಕೊಂಡು, ದಟ್ಟ ಕಾಡಿನ ನಡುವಣ ಭುವನಗಿರಿ ದುರ್ಗವನ್ನು ಸೇರಿದಳು. ಅಲ್ಲಿಯೇ ಆಕೆಗೆ ಪಟ್ಟಾಭಿಷೇಕವಾಯಿತು. ಚದುರಿದ ಸೈನ್ಯವನ್ನು ಒಗ್ಗೂಡಿಸಿ, ಶತ್ರುಗಳನ್ನು ಹಿಮ್ಮೆಟ್ಟಿಸಿ, ಬಿದನೂರನ್ನು ಮರಳಿ ಪಡೆದಳು.

ಗೆಲುವು ದೊರೆತ ಮೇಲೆ ಆಕೆ ಮೈಮರೆಯಲಿಲ್ಲ. ಬಸವಪ್ಪನೆಂಬ ಬಾಲಕನನ್ನು ದತ್ತು ತೆಗೆದುಕೊಂಡು, ರಾಜ್ಯಭಾರದ ಶಿಕ್ಷಣವನ್ನಿತ್ತಳು. ಕರಾವಳಿಯ ವ್ಯಾಪಾರಕ್ಕಾಗಿ ಪೋರ್ಚುಗೀಸರೊಡನೆ ಒಪ್ಪಂದ ಮಾಡಿಕೊಂಡಳು. ಮೈಸೂರಿನ ಒಡೆಯರೊಡನೆ ಯುದ್ಧಗಳು ನಡೆದವು. ಬಸವಾಪಟ್ಟಣವನ್ನು ಗೆದ್ದು, ಹುಲಿಕೆರೆಯ ಕೋಟೆಯನ್ನು ಬಲಪಡಿಸಿದಳು. ಚನ್ನಗಿರಿ ಎಂಬ ಹೆಸರು ಅಂದಿನಿಂದ ಬಳಕೆಗೆ ಬಂದಿತು.

ಆಕೆಯ ಬಾಳಿನ ಕಠಿಣವಾದ ಪರೀಕ್ಷೆ ಬಂದುದು 1689ರಲ್ಲಿ. ಮೊಗಲ್ ಚಕ್ರವರ್ತಿ ಔರಂಗಜೇಬನು 1686ರಲ್ಲಿ ಬಿಜಾಪುರವನ್ನೂ ಮರುವರ್ಷ ಗೋಲ್ಕೊಂಡವನ್ನೂ ಗೆದ್ದಿದ್ದನು. ಶಿವಾಜಿಯ ಹಿರಿಯ ಮಗ ಸಂಭಾಜಿಯನ್ನು ಸೆರೆಹಿಡಿದು ಕೊಲ್ಲಿಸಿದ್ದನು. ಕಿರಿಯ ಮಗ ರಾಜಾರಾಮನು ವೇಷ ಮರೆಸಿಕೊಂಡು, ದೂರದ ಜಿಂಜಿಯ ಕೋಟೆಯನ್ನು ಸೇರಲು ದಕ್ಷಿಣಾಭಿಮುಖವಾಗಿ ಹೊರಟನು. ಬೆನ್ನಟ್ಟಿ ಬರುತ್ತಿದ್ದ ಮೊಗಲರಿಂದ ತನ್ನನ್ನು ಕಾಪಾಡಬೇಕೆಂದು ಆತ ಚೆನ್ನಮ್ಮಾಜಿಯ ಮೊರೆಹೊಕ್ಕನು.

ರಾಣಿಯ ಮುಂದೆ ಎರಡು ದಾರಿಗಳಿದ್ದವು. ಆಶ್ರಯವನ್ನು ನಿರಾಕರಿಸಿದರೆ ರಾಜ್ಯಕ್ಕೆ ಅಪಾಯವಿರಲಿಲ್ಲ. ಆಶ್ರಯವಿತ್ತರೆ ಭಾರತದ ಅತಿ ಬಲಾಢ್ಯ ಸೈನ್ಯದೊಡನೆ ಸೆಣಸಬೇಕಾಗಿತ್ತು. ಆಕೆ ಮಂತ್ರಿಗಳನ್ನೂ ಸರದಾರರನ್ನೂ ಕರೆಸಿ ಅವರ ಅಭಿಪ್ರಾಯವನ್ನು ಕೇಳಿದಳೆಂದು ಪರಂಪರೆ ಹೇಳುತ್ತದೆ. ಮೊಗಲರ ವೈರವನ್ನು ಕಟ್ಟಿಕೊಳ್ಳುವುದು ಬೇಡವೆಂದು ಹಲವರು ಅಳುಕಿದರು. ಅವರ ಭಯ ನಿರಾಧಾರವಾದುದಲ್ಲವೆಂಬುದು ರಾಣಿಗೂ ತಿಳಿದಿತ್ತು. ಆದರೆ ಮೊರೆಹೊಕ್ಕವನನ್ನು ಹಗೆಗೆ ಒಪ್ಪಿಸಿ ಉಳಿಸಿಕೊಂಡ ರಾಜ್ಯಕ್ಕೆ ಮಾನವಿರುವುದಿಲ್ಲವೆಂದು ಆಕೆ ಬಗೆದಳು. ಎಲ್ಲರ ಮಾತನ್ನೂ ಆಲಿಸಿದ ಮೇಲೆ ತನ್ನ ನಿರ್ಧಾರವನ್ನು ತಿಳಿಸಿ, ಅದರ ಹೊಣೆಯನ್ನು ತಾನೇ ಹೊತ್ತಳು. ರಾಜಾರಾಮನಿಗೆ ಆಶ್ರಯ ದೊರೆಯಿತು. ಆತನು ಸುರಕ್ಷಿತವಾಗಿ ಜಿಂಜಿಯ ದಾರಿ ಹಿಡಿದನು.

ಔರಂಗಜೇಬನ ಕೋಪ ಕೆರಳಿತು. ಮೊಗಲರ ದೊಡ್ಡ ಸೈನ್ಯ ಕೆಳದಿಯ ಮೇಲೆ ಏರಿಬಂದಿತು. ಬಯಲುಸೀಮೆಯಲ್ಲಿ ಅಜೇಯವಾಗಿದ್ದ ಅವರ ಕುದುರೆಯ ದಳಕ್ಕೆ ಮಲೆನಾಡಿನ ನೆಲ ಒಗ್ಗಲಿಲ್ಲ. ಕಡಿದಾದ ಕಣಿವೆಗಳು, ಇಕ್ಕಟ್ಟಾದ ಕಾಡುದಾರಿಗಳು, ಬಿಡದೆ ಸುರಿಯುವ ಮಳೆ ಅವರನ್ನು ಕಂಗೆಡಿಸಿದವು. ಆ ದಾರಿಗಳನ್ನು ಬಲ್ಲ ಕೆಳದಿಯ ಯೋಧರು ಮರೆಯಲ್ಲಿದ್ದು ಎರಗುತ್ತಿದ್ದರು. ಕೊನೆಗೆ ಉಭಯ ಪಕ್ಷಗಳಿಗೂ ಸಂಧಿಯಾಯಿತು. ಬಿಜಾಪುರ ಗೋಲ್ಕೊಂಡಗಳು ಅಳಿದುಹೋದರೂ ಪುಟ್ಟ ಕೆಳದಿ ಉಳಿದುಕೊಂಡಿತು. ಇತ್ತ ಜಿಂಜಿಯನ್ನು ಸೇರಿದ ರಾಜಾರಾಮನು ಅಲ್ಲಿಂದಲೇ ಹೋರಾಟವನ್ನು ಮುಂದುವರಿಸಿದನು. ಮೊಗಲರು ಆ ಕೋಟೆಯನ್ನು ವಶಪಡಿಸಿಕೊಳ್ಳುವುದಕ್ಕೆ 1698ರವರೆಗೆ ಕಾಯಬೇಕಾಯಿತು.

1696ರ ಸುಮಾರಿಗೆ ಚೆನ್ನಮ್ಮಾಜಿಯ ಆಳ್ವಿಕೆ ಕೊನೆಗೊಂಡಿತು. ಆಕೆ ಬೆಳೆಸಿದ ಬಸವಪ್ಪ ನಾಯಕನು ಪಟ್ಟವೇರಿದನು. 1763ರಲ್ಲಿ ಹೈದರಾಲಿಯು ಬಿದನೂರನ್ನು ಗೆಲ್ಲುವವರೆಗೆ ರಾಜ್ಯ ಬಾಳಿತು.

ಚೆನ್ನಮ್ಮಾಜಿಯ ಕಾಲದಲ್ಲಿ ಪ್ರಜಾಪ್ರಭುತ್ವವಿರಲಿಲ್ಲ. ಜನರು ಆಕೆಯನ್ನು ಮತ ನೀಡಿ ಆರಿಸಿರಲಿಲ್ಲ. ಆದರೂ ಪ್ರಜಾಪ್ರಭುತ್ವದ ನಾಯಕರು ಆಕೆಯಿಂದ ಕಲಿಯಬೇಕಾದುದು ಬಹಳವಿದೆ. ಯುದ್ಧ ಬಂದಾಗ ಭಯವು ನ್ಯಾಯವನ್ನು ಮರೆಸುತ್ತದೆ. ಆತುರವು ಪರರ ಮಾತನ್ನು ಕೇಳಗೊಡದು. ದುರ್ಬಲರನ್ನು ಬಲಿಗೊಟ್ಟು ತಾವು ಉಳಿಯುವುದೇ ಜಾಣತನವೆಂದು ತೋರುತ್ತದೆ. ಅಂತಹ ಗಳಿಗೆಯಲ್ಲಿಯೂ ವಿರುದ್ಧ ಅಭಿಪ್ರಾಯವನ್ನು ಆಲಿಸುವ ತಾಳ್ಮೆ, ನ್ಯಾಯವನ್ನು ಬಿಡದ ಧೈರ್ಯ ಮತ್ತು ನಿರ್ಧಾರದ ಹೊಣೆಯನ್ನು ಹೊರುವ ಪ್ರಾಮಾಣಿಕತೆ ಉಳ್ಳವರೇ ನಿಜವಾದ ನಾಯಕರು. ಕೋಟೆಗಳು ನಾಡಿನ ನೆಲವನ್ನು ಕಾಯಬಲ್ಲವು. ನಾಡಿನ ಮಾನವನ್ನು ಕಾಯಬಲ್ಲವರು ಇಂತಹವರು. ಚನ್ನಗಿರಿಯ ಗುಡ್ಡದ ಮೇಲಿನ ಕೋಟೆ ಅಂತಹ ಒಬ್ಬ ನಾಯಕಿಯ ನೆನಪನ್ನು ಇಂದಿಗೂ ಹೊತ್ತು ನಿಂತಿದೆ.