ಎಲಿನಾರ್ ಆಸ್ಟ್ರಮ್ ಆಡಿಸಿದ ನೀರಿನ ಆಟ

ಬೇಸಿಗೆಯಲ್ಲಿ ಹಾಸ್ಟೆಲ್‌ನ ಈ ದೃಶ್ಯ ಎಲ್ಲರಿಗೂ ಗೊತ್ತು. ಟ್ಯಾಂಕ್‌ನಲ್ಲಿ ನೀರು ಕಡಿಮೆ ಇದೆ ಅಂತ ಸುದ್ದಿ ಹಬ್ಬಿದ ಕೂಡಲೇ ಪ್ರತಿಯೊಬ್ಬರೂ ಇರೋ ಬಕೆಟ್‌ಗಳನ್ನೆಲ್ಲ ತುಂಬಿಸಿಟ್ಟುಕೊಳ್ತಾರೆ. ಯಾರೂ ಕೆಟ್ಟವರಲ್ಲ. ನಾನು ಬಿಟ್ಟರೆ ಪಕ್ಕದ ರೂಮಿನವನು ತುಂಬಿಸ್ಕೋತಾನೆ ಅನ್ನೋ ಭಯ, ಅಷ್ಟೇ. ಲೇಟಾಗಿ ಎದ್ದವನಿಗೆ ನಲ್ಲಿಯಲ್ಲಿ ಬರೀ ಗಾಳಿ. ಇದೇ ಸಮಸ್ಯೆಯನ್ನು ಜೀವನಪೂರ್ತಿ ಬೆನ್ನು ಹತ್ತಿ, ಅದನ್ನು ಒಂದು ಆಟವಾಗಿ ಮಾಡಿ, ಜನರ ಕೈಲಿ ಆಡಿಸಿ ನೋಡಿದವರು ಎಲಿನಾರ್ ಆಸ್ಟ್ರಮ್. ಅರ್ಥಶಾಸ್ತ್ರದ ನೊಬೆಲ್ ಪಡೆದ ಮೊದಲ ಮಹಿಳೆ.

ಹುಟ್ಟಿದ್ದು 1933ರ ಆಗಸ್ಟ್ 7ರಂದು, ಅಮೆರಿಕದ ಲಾಸ್ ಏಂಜಲೀಸ್‌ನಲ್ಲಿ. ಅಪ್ಪ ರಂಗಸಜ್ಜಿಕೆ ಮಾಡೋರು, ಅಮ್ಮ ಸಂಗೀತಗಾರ್ತಿ. ಇಬ್ಬರೂ ಬೇರೆಯಾದ ಮೇಲೆ ಎಲಿನಾರ್ ಅಮ್ಮನ ಜೊತೆ ಬೆಳೆದರು. ಮನೆಯಲ್ಲಿ ದುಡ್ಡಿಗೆ ಕಷ್ಟ, ಓದಿದ್ದು ಮಾತ್ರ ಸಿರಿವಂತರ ಮಕ್ಕಳೇ ತುಂಬಿದ್ದ ಬೆವರ್ಲಿ ಹಿಲ್ಸ್ ಹೈಸ್ಕೂಲಿನಲ್ಲಿ. ಮಾತು ತೊದಲುತ್ತಿತ್ತು, ಅದನ್ನು ಗೆಲ್ಲೋಕೆ ಅಂತಲೇ ಚರ್ಚಾ ತಂಡ ಸೇರಿದರು.

ಇನ್ನೊಂದು ತೊಂದರೆ ನಮಗೆ ಹತ್ತಿರದ್ದು: ಗಣಿತ. ಹುಡುಗಿಯರಿಗೆ ಟ್ರಿಗ್ನಾಮೆಟ್ರಿ ಯಾಕೆ ಅನ್ನೋ ಕಾಲ ಅದು, ಆ ಕ್ಲಾಸಿಗೆ ಅವರನ್ನು ಸೇರಿಸಲೇ ಇಲ್ಲ. ಮುಂದೆ ಯುಸಿಎಲ್‌ಎ ವಿಶ್ವವಿದ್ಯಾಲಯದಲ್ಲಿ ಅರ್ಥಶಾಸ್ತ್ರದಲ್ಲಿ ಪಿಎಚ್‌ಡಿ ಮಾಡ್ತೀನಿ ಅಂತ ಹೋದಾಗ, ಗಣಿತ ಸಾಲದು ಅನ್ನೋ ಕಾರಣಕ್ಕೆ ಆ ಬಾಗಿಲು ಮುಚ್ಚಿತು. ಡಿಗ್ರಿ ಮುಗಿಸಿ ಕೆಲಸ ಹುಡುಕಿದಾಗಲೂ ಅಷ್ಟೇ, ಇಂಟರ್‌ವ್ಯೂನಲ್ಲಿ ಕೇಳುತ್ತಿದ್ದದ್ದು ಟೈಪಿಂಗ್ ಮತ್ತು ಶಾರ್ಟ್‌ಹ್ಯಾಂಡ್ ಬಗ್ಗೆ. ಕೊನೆಗೆ ರಾಜ್ಯಶಾಸ್ತ್ರ ವಿಭಾಗ ಸೇರಿಸಿಕೊಂಡಿತು. ಅಲ್ಲಿ ಕೂಡ ಹೆಣ್ಣುಮಕ್ಕಳಿಗೆ ಸೀಟು ಕೊಟ್ಟಿದ್ದಕ್ಕೆ ಅಧ್ಯಾಪಕರಲ್ಲೇ ಗೊಣಗಾಟ ಇತ್ತು.

ಅಲ್ಲಿನ ಒಂದು ಸೆಮಿನಾರ್‌ನಲ್ಲಿ ವಿದ್ಯಾರ್ಥಿಗಳಿಗೆ ತಲಾ ಒಂದು ಅಂತರ್ಜಲ ಪ್ರದೇಶ ಹಂಚಿದರು. ಎಲಿನಾರ್ ಪಾಲಿಗೆ ಬಂದದ್ದು ಲಾಸ್ ಏಂಜಲೀಸ್ ಕರಾವಳಿಯ ವೆಸ್ಟ್ ಬೇಸಿನ್. ನಗರಗಳು, ನೀರಿನ ಕಂಪನಿಗಳು, ಕಾರ್ಖಾನೆಗಳು ಎಲ್ಲರೂ ಪಂಪ್ ಹಾಕಿ ನೀರೆತ್ತುತ್ತಿದ್ದರು. ನೀರಿನ ಮಟ್ಟ ಸಮುದ್ರಮಟ್ಟಕ್ಕಿಂತ ಕೆಳಗಿಳಿದು, ಖಾಲಿಯಾದ ಜಾಗಕ್ಕೆ ಕಡಲಿನ ಉಪ್ಪುನೀರು ನುಗ್ಗತೊಡಗಿತ್ತು. ನಾನೊಬ್ಬ ಪಂಪ್ ನಿಲ್ಲಿಸಿದರೆ ಆ ನೀರನ್ನು ಪಕ್ಕದವನು ಎತ್ತುತ್ತಾನೆ. ಅದೇ ಬಕೆಟ್ ಕಥೆ.

ಆದರೆ ಅಲ್ಲಿ ಇನ್ನೂ ಒಂದು ನಡೆದಿತ್ತು. 1945ರಲ್ಲಿ ಕೇಸು ಕೋರ್ಟಿಗೆ ಹೋಯಿತು. ಮರುವರ್ಷ ನೀರೆತ್ತುವವರೇ ಸೇರಿ ಒಂದು ಸಂಘ ಕಟ್ಟಿಕೊಂಡರು. ಯಾರು ಎಷ್ಟು ಎತ್ತುತ್ತಿದ್ದಾರೆ ಅನ್ನೋ ಲೆಕ್ಕ ಎಲ್ಲರ ಮುಂದೆ ಬಂತು. ವರ್ಷಗಟ್ಟಲೆ ಚೌಕಾಸಿ ಮಾಡಿ ಎಲ್ಲರೂ ಸ್ವಲ್ಪ ಸ್ವಲ್ಪ ಬಿಟ್ಟುಕೊಟ್ಟರು. 1961ರಲ್ಲಿ ಅಂತಿಮ ತೀರ್ಪು ಬಂತು. ಕರಾವಳಿ ಉದ್ದಕ್ಕೂ ಬಾವಿಗಳ ಸಾಲು ತೋಡಿ, ಅದರೊಳಗೆ ಸಿಹಿನೀರು ಒತ್ತಿ, ಉಪ್ಪುನೀರಿಗೆ ನೆಲದಡಿ ತಡೆಗೋಡೆ ಮಾಡಿದರು. ಎಲಿನಾರ್ ಈ ಸಭೆಗಳಲ್ಲಿ ಕೂತು, ಕಡತ ಓದಿ, ಜನರನ್ನು ಮಾತಾಡಿಸಿ 1965ರಲ್ಲಿ ಪಿಎಚ್‌ಡಿ ಮುಗಿಸಿದರು. ಅಷ್ಟರಲ್ಲಿ ಆ ಸೆಮಿನಾರ್‌ನ ಪ್ರೊಫೆಸರ್ ವಿನ್ಸೆಂಟ್ ಆಸ್ಟ್ರಮ್ ಅವರನ್ನು ಮದುವೆಯೂ ಆಗಿದ್ದರು. ಇಬ್ಬರೂ ಇಂಡಿಯಾನಾ ವಿಶ್ವವಿದ್ಯಾಲಯ ಸೇರಿ, 1973ರಲ್ಲಿ ಅಲ್ಲೊಂದು ಸಂಶೋಧನಾ ಕೇಂದ್ರ ಕಟ್ಟಿದರು. ಬಡಗಿಗಳ ಕಾರ್ಯಾಗಾರದ ಹಾಗೆ ಎಲ್ಲರೂ ಕೂತು ಕೆಲಸ ಮಾಡೋ ಜಾಗ ಅದು ಅಂತ, ಅದಕ್ಕೆ ವರ್ಕ್‌ಶಾಪ್ ಅಂತಲೇ ಹೆಸರಿಟ್ಟರು.

ಈ ನಡುವೆ, 1968ರಲ್ಲಿ, ಗ್ಯಾರೆಟ್ ಹಾರ್ಡಿನ್ ಎಂಬ ವಿಜ್ಞಾನಿಯ ಒಂದು ಪ್ರಬಂಧ ಬಹಳ ಹೆಸರು ಮಾಡಿತು. ಎಲ್ಲರಿಗೂ ಸೇರಿದ್ದನ್ನು ಎಲ್ಲರೂ ಸೇರಿ ಹಾಳು ಮಾಡ್ತಾರೆ, ಹಾಗಾಗಿ ಸರ್ಕಾರ ಹಿಡಿತಕ್ಕೆ ತಗೋಬೇಕು ಇಲ್ಲವೇ ಖಾಸಗಿಯಾಗಿ ಹಂಚಬೇಕು ಅನ್ನೋದು ಅದರ ಸಾರ. ಎಲಿನಾರ್‌ಗೆ ಇದು ಅರ್ಧ ಸತ್ಯ ಅನ್ನಿಸಿತು. ವೆಸ್ಟ್ ಬೇಸಿನ್‌ನಲ್ಲಿ ಅವರು ಕಣ್ಣಾರೆ ಕಂಡದ್ದು ಬೇರೆ. ಆದರೆ ಒಂದೇ ಉದಾಹರಣೆಯಿಂದ ವಾದ ಗೆಲ್ಲಲ್ಲ. 1980ರ ದಶಕದ ಆರಂಭದಲ್ಲಿ ಜರ್ಮನಿಗೆ ಹೋಗಿ ರೈನ್‌ಹಾರ್ಡ್ ಸೆಲ್ಟನ್ ಬಳಿ ಗೇಮ್ ಥಿಯರಿ ಕಲಿತರು. ಟ್ರಿಗ್ನಾಮೆಟ್ರಿ ಕ್ಲಾಸಿಗೆ ಬೇಡ ಅನ್ನಿಸಿಕೊಂಡವರು ಹೆಚ್ಚುಕಡಿಮೆ ಐವತ್ತನೇ ವಯಸ್ಸಿನಲ್ಲಿ ಮತ್ತೆ ಗಣಿತಕ್ಕೆ ಕೂತರು!

ಆಮೇಲೆ ಸಹೋದ್ಯೋಗಿಗಳಾದ ರಾಯ್ ಗಾರ್ಡ್ನರ್, ಜೇಮ್ಸ್ ವಾಕರ್ ಜೊತೆ ಲ್ಯಾಬ್‌ನಲ್ಲಿ ಆಟ ಶುರು. ಎಂಟು ಜನ ವಿದ್ಯಾರ್ಥಿಗಳು, ಒಬ್ಬೊಬ್ಬರ ಮುಂದೆ ಒಂದು ಕಂಪ್ಯೂಟರ್, ಕೈಲಿ 10 ಅಥವಾ 25 ಟೋಕನ್. ಟೋಕನ್‌ಗಳನ್ನು ಎರಡು ಕಡೆ ಹಾಕಬಹುದು. ಒಂದು ಕಡೆ ಟೋಕನ್‌ಗೆ 5 ಸೆಂಟ್ ಖಚಿತ. ಇನ್ನೊಂದು ಹಂಚಿಕೊಂಡ ಸಂಪನ್ಮೂಲ, ನಮ್ಮ ಅಂತರ್ಜಲ ಇದ್ದ ಹಾಗೆ: ಸ್ವಲ್ಪ ಹಾಕಿದರೆ ಭಾರಿ ಲಾಭ, ಎಲ್ಲರೂ ಮುಗಿಬಿದ್ದರೆ ಎಲ್ಲರಿಗೂ ಇಳಿಕೆ. ಎಂಟೂ ಜನ ಸೇರಿ 36 ಟೋಕನ್ ಹಾಕಿದರೆ ಗುಂಪಿಗೆ ಗರಿಷ್ಠ ಲಾಭ. ಪ್ರತಿಯೊಬ್ಬರೂ ತಮ್ಮ ಲಾಭ ಮಾತ್ರ ನೋಡಿದರೆ ಲೆಕ್ಕ ನಿಲ್ಲೋದು 64ರಲ್ಲಿ, ಆಗ ಸಿಗೋದು ಗರಿಷ್ಠದ ಶೇ. 39ರಷ್ಟು ಮಾತ್ರ.

ಮಾತಿಲ್ಲದೆ ಆಡಿದಾಗ ಫಲಿತಾಂಶ ಕೆಟ್ಟದಾಗಿತ್ತು. 25 ಟೋಕನ್ ಕೊಟ್ಟ ಆಟಗಳಲ್ಲಂತೂ ಥಿಯರಿ ಹೇಳಿದ್ದಕ್ಕಿಂತಲೂ ಕೆಟ್ಟದು. ಆಮೇಲೆ ಒಂದೇ ಒಂದು ಬದಲಾವಣೆ ಮಾಡಿದರು: ಸುತ್ತುಗಳ ನಡುವೆ ಮುಖಾಮುಖಿ ಕೂತು ಮಾತಾಡೋಕೆ ಬಿಟ್ಟರು. ಕೊಟ್ಟ ಮಾತಿಗೆ ಕಾನೂನಿನ ಬಲ ಇಲ್ಲ, ಯಾರು ಎಷ್ಟು ಹಾಕಿದರು ಅಂತಲೂ ಗೊತ್ತಾಗಲ್ಲ. ಥಿಯರಿ ಪ್ರಕಾರ ಇಂಥ ಮಾತಿಗೆ ಕವಡೆ ಕಿಮ್ಮತ್ತಿಲ್ಲ. ಆದರೂ ಲಾಭ ಎದ್ದು ಕಾಣುವಷ್ಟು ಏರಿತು. ದಂಡ ಹಾಕಬೇಕಾ ಅಂತ ತಾವೇ ಕೂತು ತೀರ್ಮಾನಿಸಿದ ಗುಂಪುಗಳು ಇನ್ನೂ ಚೆನ್ನಾಗಿ ಆಡಿದವು. ಇವತ್ತು ಸೀರಿಯಸ್ ಗೇಮ್ ಅಂತ ಕರೆಯೋ ನೀರಿನ ಆಟಗಳಲ್ಲಿ ಬಹಳಷ್ಟು ಈ ಪ್ರಯೋಗಗಳ ಮನೆತನದವೇ.

ಸಿವಿಲ್‌ನವರು ಮುಖ್ಯವಾಗಿ ಓದಬೇಕಾದ್ದು ಅವರ ನೇಪಾಳದ ಕೆಲಸ. ಅಲ್ಲಿ ನೂರಕ್ಕೂ ಹೆಚ್ಚು ನೀರಾವರಿ ವ್ಯವಸ್ಥೆಗಳನ್ನು ಹೋಲಿಸಿ ನೋಡಿದರು. ಕಲ್ಲು, ಮಣ್ಣು, ಮರದಿಂದ ರೈತರೇ ಕಟ್ಟಿಕೊಂಡ ಕಾಲುವೆಗಳಲ್ಲಿ ಕೊನೇ ಭಾಗದ ಹೊಲಕ್ಕೂ ನೀರು ಮುಟ್ಟುತ್ತಿತ್ತು. ಎಂಜಿನಿಯರ್‌ಗಳು ಕಾಂಕ್ರೀಟಿನಲ್ಲಿ ಕಟ್ಟಿಕೊಟ್ಟ ಎಷ್ಟೋ ಕಡೆ ಮುಟ್ಟುತ್ತಿರಲಿಲ್ಲ. ಕಾರಣ ಸ್ಟ್ರಕ್ಚರ್ ಅಲ್ಲ, ಸಂಬಂಧ. ಮಣ್ಣಿನ ಒಡ್ಡು ಪ್ರತಿ ವರ್ಷ ಕೊಚ್ಚಿಹೋಗುತ್ತೆ, ದುರಸ್ತಿಗೆ ಎಲ್ಲರ ಕೈ ಬೇಕು. ಹಾಗಾಗಿ ಮೇಲಿನವನು ಕೆಳಗಿನವನಿಗೆ ನೀರು ಬಿಡಲೇಬೇಕು. ಕಾಂಕ್ರೀಟ್ ಬಂದ ಮೇಲೆ ಮೇಲಿನವನಿಗೆ ಕೆಳಗಿನವನ ಅಗತ್ಯವೇ ಇಲ್ಲ. ಡಿಸೈನ್‌ನಲ್ಲಿ ತಪ್ಪಿಲ್ಲದ ಕಟ್ಟೆ ಒಂದು ಹಳೇ ಒಪ್ಪಂದವನ್ನು ಒಡೆದು ಹಾಕಿತ್ತು.

2009ರಲ್ಲಿ ಆಲಿವರ್ ವಿಲಿಯಮ್ಸನ್ ಜೊತೆ ನೊಬೆಲ್ ಬಂತು. ತಮ್ಮ ಪಾಲಿನ ಹಣವನ್ನು ಎಲಿನಾರ್ ವರ್ಕ್‌ಶಾಪಿನ ಕೆಲಸಕ್ಕೇ ಕೊಟ್ಟರು. 2011ರ ಜನವರಿಯಲ್ಲಿ ಹೈದರಾಬಾದಿನ ಸಮ್ಮೇಳನಕ್ಕೆ ಬಂದಿದ್ದರು. ಅದನ್ನು ನಡೆಸಿಕೊಟ್ಟದ್ದು ಫೌಂಡೇಶನ್ ಫಾರ್ ಇಕಲಾಜಿಕಲ್ ಸೆಕ್ಯುರಿಟಿ ಎಂಬ ಸಂಸ್ಥೆ. 2012ರ ಜೂನ್ 12ರಂದು, 78ನೇ ವಯಸ್ಸಿನಲ್ಲಿ, ಕ್ಯಾನ್ಸರ್‌ನಿಂದ ತೀರಿಕೊಂಡರು. ಅದೇ ತಿಂಗಳ ಕೊನೆಗೆ ವಿನ್ಸೆಂಟ್ ಅವರೂ ಹೋದರು.

ಆಟ ಮಾತ್ರ ನಿಲ್ಲಲಿಲ್ಲ. ಅದೇ ಸಂಸ್ಥೆ ಸಂಶೋಧಕರ ಜೊತೆ ಸೇರಿ ನಮ್ಮ ಪಕ್ಕದ ಆಂಧ್ರದ ಹಳ್ಳಿಗಳಲ್ಲಿ ಅಂತರ್ಜಲದ ಆಟ ಆಡಿಸಿತು. ಐದೈದು ಜನರ ಗುಂಪು. ಪ್ರತಿ ಸುತ್ತಿನಲ್ಲೂ ಕಡಿಮೆ ನೀರಿನ ಬೆಳೆಯೋ, ಜಾಸ್ತಿ ನೀರು ಜಾಸ್ತಿ ಲಾಭದ ಬೆಳೆಯೋ ಅಂತ ಆರಿಸಬೇಕು. ಮೊದಲು ಮಾತಿಲ್ಲದೆ, ಆಮೇಲೆ ಮಾತಾಡಿಕೊಂಡು. ಕೊನೆಗೆ ಊರವರೆಲ್ಲ ಕೂತು ಚರ್ಚೆ. ಆಟ ಆಡಿದ ಊರುಗಳಲ್ಲಿ ನೀರಿನ ಲೆಕ್ಕದ ಪುಸ್ತಕ ಇಡೋದು, ನಿಯಮ ಮಾಡಿಕೊಳ್ಳೋದು ಆಡದ ಊರುಗಳಿಗಿಂತ ಹೆಚ್ಚಿತ್ತು ಅಂತ 2018ರಲ್ಲಿ ಪ್ರಕಟವಾದ ಅಧ್ಯಯನ ಹೇಳುತ್ತೆ. ಆಟ ಆಡಿದ ಮಾತ್ರಕ್ಕೆ ಬೋರ್‌ವೆಲ್‌ನಲ್ಲಿ ನೀರು ಉಕ್ಕಲ್ಲ, ನಿಜ. ಆದರೆ ಕಣ್ಣಿಗೆ ಕಾಣದ ನೀರಿನ ಬಗ್ಗೆ ಮಾತು ಶುರುವಾಗೋಕೆ ಒಂದು ನೆಪ ಸಿಗುತ್ತೆ.

ನಾಳೆ ನಮ್ಮಲ್ಲಿ ಕೆಲವರು ಚೆಕ್‌ಡ್ಯಾಮ್ ಕಟ್ತೀವಿ, ಕೆಲವರು ಪಂಪಿಗೆ ಸೆನ್ಸರ್ ಹಾಕ್ತೀವಿ. ಡ್ರಾಯಿಂಗ್ ಹಾಳೆ ಬಿಡಿಸೋ ಮುಂಚೆ ಕಾಲುವೆಯ ಕೊನೇ ಹೊಲದವರನ್ನೂ ಮೊದಲ ಹೊಲದವರನ್ನೂ ಒಂದೇ ಕಟ್ಟೆ ಮೇಲೆ ಕೂರಿಸಿ ಮಾತಾಡಿಸಬೇಕು ಅನ್ನೋದು ನೆನಪಿದ್ದರೆ, ಎಲಿನಾರ್ ಕಲಿಸಿದ ಪಾಠದಲ್ಲಿ ಪಾಸಾದಂತೆ. ಅಲ್ಲೀವರೆಗೆ ಹಾಸ್ಟೆಲ್ ಟ್ಯಾಂಕಿನಿಂದಲೇ ಪ್ರಾಕ್ಟೀಸ್ ಶುರು ಮಾಡಬಹುದು, ಏನಂತೀರಿ?